ಲೆಕ್ಕ ಬರೆಯುವವರಿಗೂ ಸಂಬಳ ಬೇಕು

ಸ್ವಯಂಸೇವಾ ಸಂಸ್ಥೆಯೊಂದು ಮಕ್ಕಳ ಪುಸ್ತಕಕ್ಕೆ ಹಣ ಕೇಳಿದರೆ ದಾನಿಗಳು ಕೊಡುತ್ತಾರೆ. ಅಕೌಂಟೆಂಟ್ ಸಂಬಳಕ್ಕೋ ಸಿಬ್ಬಂದಿ ತರಬೇತಿಗೋ ಕೇಳಿದರೆ ಮೂಗು ಮುರಿಯುತ್ತಾರೆ. ಸಂಸ್ಥೆಯ ಆಡಳಿತವನ್ನೇ ಗಟ್ಟಿ ಮಾಡುವ ಅನುದಾನಗಳ ಬಗ್ಗೆ ನಾವೆಲ್ಲ ಬಹುಕಾಲ ನಂಬಿಕೊಂಡು ಬಂದ ಕೆಲವು ಮಾತುಗಳಿವು.

ತಪ್ಪು ಕಲ್ಪನೆ: ಕೊಟ್ಟ ಹಣದ ಒಂದೊಂದು ರೂಪಾಯಿಯೂ ಬಡವರ ಕೈಸೇರಬೇಕು, ಕಚೇರಿಗೆ ಖರ್ಚಾದದ್ದೆಲ್ಲ ಪೋಲು.

ವಾಸ್ತವ: ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಸೇವೆಯ ಹೆಸರಲ್ಲಿ ದುಡ್ಡು ನುಂಗಿದವರನ್ನು ನಾವು ಕಂಡಿದ್ದೇವೆ. ಆದರೆ ನುಂಗುವುದನ್ನು ತಡೆಯುವುದೂ ಸರಿಯಾದ ಲೆಕ್ಕವೇ. ವರ್ಷದ ಲೆಕ್ಕ ಮುಗಿಸುವ ಹೊತ್ತಿಗೆ ಸಣ್ಣ ಸಂಸ್ಥೆಯೊಂದಕ್ಕೆ ಹೋಗಿ ನೋಡಿ. ವೋಚರುಗಳನ್ನು ಜೋಡಿಸಬೇಕು, ಆಡಿಟ್ ಮಾಡಿಸಬೇಕು, ದಾನಿಗಳಿಗೆ ಹಣ ಬಳಕೆ ಪ್ರಮಾಣಪತ್ರ ಕಳಿಸಬೇಕು. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಮಾನ್ಯತೆ ಇದ್ದರೆ ದೇಣಿಗೆಯ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅಕೌಂಟೆಂಟ್ ಇಲ್ಲದ ಕಡೆ ಇದನ್ನೆಲ್ಲ ಮಾಡುವವರು ಯಾರು? ಹಗಲೆಲ್ಲ ಆದಿವಾಸಿ ಹಾಡಿಗಳನ್ನು ಸುತ್ತುವ ಕಾರ್ಯಕರ್ತೆಯೇ. ಆ ವಾರ ಹಾಡಿಯ ಮಕ್ಕಳ ತೂಕ ನೋಡುವವರಿಲ್ಲ.

ತಪ್ಪು ಕಲ್ಪನೆ: ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಕಾನೂನಿನ ಪ್ರಕಾರ ಸಂಸ್ಥೆಯ ಆಡಳಿತಕ್ಕೆ ಶೇ 5ಕ್ಕಿಂತ ಹೆಚ್ಚು ಕೊಡುವಂತಿಲ್ಲ.

ವಾಸ್ತವ: ಬೇಸರದ ಸಂಗತಿಯೆಂದರೆ, ಈ ಮಾತು ಕಂಪನಿಗಳ ಅಧಿಕಾರಿಗಳ ಬಾಯಲ್ಲೇ ಕೇಳಿಬರುತ್ತದೆ. 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮವನ್ನು ಓದಿದರೆ ಸಾಕು. ಶೇ 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗದ ಆಡಳಿತಕ್ಕೆ ಮಾಡಿಕೊಳ್ಳುವ ಖರ್ಚಿಗೆ. ಯೋಜನೆಯನ್ನು ರೂಪಿಸಲು, ನಡೆಸಲು, ಮೌಲ್ಯಮಾಪನ ಮಾಡಲು ನೇರವಾಗಿ ತಗಲುವ ವೆಚ್ಚ ಅದರಲ್ಲಿ ಸೇರುವುದಿಲ್ಲ. ಕಂಪನಿಗೆ ಹಾಕಿದ ಕಡಿವಾಣವನ್ನು ಸಂಸ್ಥೆಗೆ ತೊಡಿಸಲಾಗಿದೆ.

ತಪ್ಪು ಕಲ್ಪನೆ: ವಿದೇಶಿ ದೇಣಿಗೆಯಿಂದ ಕೊಡುವ ಸಂಬಳವೆಲ್ಲ ಆಡಳಿತ ವೆಚ್ಚ.

ವಾಸ್ತವ: ಅಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು, ಅದರ ಪೆಟ್ಟು ಜೋರಾಗಿಯೇ ಬಿದ್ದಿದೆ. ಆದರೂ ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳ ಈ ಲೆಕ್ಕಕ್ಕೆ ಬರುವುದಿಲ್ಲ.

ತಪ್ಪು ಕಲ್ಪನೆ: ಸಾಮರ್ಥ್ಯವರ್ಧನೆ ಎಂದರೆ ಹೋಟೆಲಿನಲ್ಲಿ ಎರಡು ದಿನದ ಕಾರ್ಯಾಗಾರ.

ವಾಸ್ತವ: ಕಾರ್ಯಾಗಾರ ಅದರ ಸಣ್ಣ ತುಣುಕು. ಎಡೆಲ್‌ಗಿವ್ ಫೌಂಡೇಶನ್ 2021ರಲ್ಲಿ ಹಲವು ದಾನಿಗಳನ್ನು ಕೂಡಿಸಿ ಆರಂಭಿಸಿದ ಗ್ರೋ ಫಂಡ್‌ನ ಗುರಿ ಎರಡು ವರ್ಷದಲ್ಲಿ ತಳಮಟ್ಟದ 100 ಸಂಸ್ಥೆಗಳಿಗೆ, ಅವುಗಳ ಆಡಳಿತ ಗಟ್ಟಿ ಮಾಡಲು, 100 ಕೋಟಿ ರೂಪಾಯಿ ಕೊಡುವುದಾಗಿತ್ತು. ಫೋರ್ಡ್ ಫೌಂಡೇಶನ್ 2016ರಲ್ಲಿ ತಂದ ಬಿಲ್ಡ್ ಅನುದಾನ ಐದು ವರ್ಷದ್ದು. ಲೆಕ್ಕದ ಪದ್ಧತಿ ಬದಲಿಸಲು, ಸಂಸ್ಥಾಪಕರ ನಂತರ ಹೊಣೆ ಹೊರುವವರನ್ನು ಬೆಳೆಸಲು ಅಷ್ಟು ಕಾಲ ಬೇಕೇ ಬೇಕು.

ತಪ್ಪು ಕಲ್ಪನೆ: ಸಣ್ಣ ಸಂಸ್ಥೆ ಆಡಳಿತಕ್ಕೆ ಹಣ ಕೇಳಿದರೆ ದಾನಿ ಕೈಬಿಡುತ್ತಾರೆ, ಕೇಳದಿರುವುದೇ ಕ್ಷೇಮ.

ವಾಸ್ತವ: ಭಯಕ್ಕೆ ಆಧಾರವಿದೆ. ಬ್ರಿಡ್ಜ್‌ಸ್ಪ್ಯಾನ್ ಎಂಬ ಸಲಹಾ ಸಂಸ್ಥೆ ನಮ್ಮ ದೇಶದ 388 ಸ್ವಯಂಸೇವಾ ಸಂಸ್ಥೆಗಳನ್ನು ಕೇಳಿದಾಗ ಶೇ 83ರಷ್ಟು ಸಂಸ್ಥೆಗಳು ಪರೋಕ್ಷ ವೆಚ್ಚಕ್ಕೆ ಹಣ ಹೊಂದಿಸಲು ಪರದಾಡುತ್ತಿರುವುದಾಗಿ ಹೇಳಿದವು. ಆದರೆ ಬಚ್ಚಿಟ್ಟರೆ ಕಷ್ಟ ಹೆಚ್ಚುತ್ತದೆ. ಬಾಡಿಗೆ, ಆಡಿಟ್, ಲೆಕ್ಕದವರ ಸಂಬಳ, ತರಬೇತಿ, ಇವಿಷ್ಟನ್ನು ಬಜೆಟ್ಟಿನಲ್ಲಿ ಬೇರೆ ಬೇರೆ ಸಾಲಾಗಿ, ಕಾರಣದೊಂದಿಗೆ ಬರೆಯಿರಿ. ಇತರೆ ಎಂಬ ತಲೆಬರಹದಡಿ ತೂರಿಸಿದ ಖರ್ಚಿನ ಮೇಲೆಯೇ ಆಡಿಟರ್ ಕಣ್ಣು ಮೊದಲು ಬೀಳುವುದು.