ಮನುಷ್ಯನಾದ ದೇವರು, ದೇವರಲ್ಲಿ ನೆಲೆಸುವ ಮನುಷ್ಯ

ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯವು ಇಂದು ನಿಂತಿರುವ ನೆಲದಲ್ಲಿಯೇ, 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಒಂದು ಚರ್ಚು ನಿರ್ಮಾಣವಾಗಿತ್ತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಈಗಿನ ಭವ್ಯ ಮಂದಿರಕ್ಕೆ ಅಸ್ತಿಭಾರವನ್ನಿಟ್ಟಾಗ ಅಲ್ಲಿದ್ದ ಹಳೆಯ ಶಾಸನವೊಂದು, ಜಗತ್ತನ್ನೆಲ್ಲ ಸೃಷ್ಟಿಸಿ ಪಾಲಿಸುವ ಏಕಮಾತ್ರ ದೇವರನ್ನು ಮೊದಲಿಗೆ ಸ್ಮರಿಸಿ, ಲೋಕಕ್ಕೆ ಜ್ಞಾನಪ್ರಕಾಶವಾದ ಯೇಸುಕ್ರಿಸ್ತನು ಮನುಷ್ಯನಾಗಿ ಅವತರಿಸಿದ 1843 ವರ್ಷಗಳ ತರುವಾಯ ಈ ದೇವಾಲಯವು ಕಟ್ಟಲ್ಪಟ್ಟಿತೆಂದು ಸಾರುತ್ತದೆ. ಚಾಮುಂಡೇಶ್ವರಿಯ ಪರಮಭಕ್ತನಾದ ಅರಸನೊಬ್ಬನ ಆಳ್ವಿಕೆಯಲ್ಲಿ ಕೆತ್ತಲ್ಪಟ್ಟ ಆ ಕಲ್ಲು, ಕ್ರೈಸ್ತಧರ್ಮದ ನೂರಾರು ಬೋಧನೆಗಳ ನಡುವೆ ಅದರ ಹೃದಯಸ್ಥಾನ ಯಾವುದೆಂಬುದನ್ನು ಸರಿಯಾಗಿ ಗುರುತಿಸಿತೆಂದೇ ನನ್ನ ಭಾವನೆ. ದೇವರು ಮನುಷ್ಯನಾದನೆಂಬುದೇ ಆ ಹೃದಯ. ಮಿಕ್ಕುದೆಲ್ಲವೂ ಅದರಿಂದ ಹೊರಟ ನಾಡಿಗಳು.

ಮೈಸೂರಿನ ಬೋಗಾದಿಯಲ್ಲಿ ವಾಸಿಸುವ ನಮಗೆ ಈ ವಿಚಾರ ದೂರದ್ದೇನೂ ಅಲ್ಲ. ನಗರದ ಕಡೆಗೆ ಹೋಗುವಾಗ ಬೋಗಾದಿ ರಸ್ತೆಯ ಮಗ್ಗುಲಿಗೇ ಹಬ್ಬಿರುವ, ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ, ಕ್ರೈಸ್ತಧರ್ಮದ ಅಧ್ಯಯನಕ್ಕೆಂದೇ ಮೀಸಲಾದ ವಿಭಾಗವೊಂದಿದೆ. ಸರ್ಕಾರಿ ವಿಶ್ವವಿದ್ಯಾನಿಲಯವೊಂದು ಇಂಥ ವಿಭಾಗವನ್ನು ಪೋಷಿಸಿಕೊಂಡು ಬಂದಿರುವುದು ನಮ್ಮ ದೇಶದಲ್ಲಿ ಅಪೂರ್ವವಾದ ಸಂಗತಿ.

ದೇವರು ಒಬ್ಬನೇ, ಆದರೆ ಆ ಏಕತ್ವವು ಪಿತ, ಪುತ್ರ, ಪವಿತ್ರಾತ್ಮರ ಪರಸ್ಪರ ಪ್ರೇಮದಿಂದ ತುಂಬಿದ ಏಕತ್ವ ಎಂಬುದು ಕ್ರೈಸ್ತರ ವಿಶ್ವಾಸ. ಅನಾದಿಯಾದ ಆ ಪುತ್ರನೇ, ರೋಮನ್ ಸಾಮ್ರಾಜ್ಯದ ಅಂಚಿನ ಪ್ರಾಂತವೊಂದರಲ್ಲಿ, ಮರಿಯಳ ಗರ್ಭದಿಂದ ಜನಿಸಿ, ಬಡಗಿಯ ಮನೆಯಲ್ಲಿ ಬೆಳೆದು, ಹಸಿದು, ಬಾಯಾರಿ, ಬಾವಿಯ ಬಳಿ ದಣಿದು ಕುಳಿತು, ಗೆಳೆಯನ ಗೋರಿಯ ಮುಂದೆ ಕಣ್ಣೀರಿಟ್ಟು, ಕಡೆಗೆ ಶಿಲುಬೆಯ ಮೇಲೆ ಪ್ರಾಣವನ್ನೊಪ್ಪಿಸಿ ಮೂರನೆಯ ದಿನ ಪುನರುತ್ಥಾನ ಹೊಂದಿದನೆಂದು ಅವರು ನಂಬುವರು. ನಮ್ಮ ಪುರಾಣಗಳ ಭಗವಂತನು ಧರ್ಮರಕ್ಷಣೆಗಾಗಿ ಯುಗಯುಗದಲ್ಲಿಯೂ ಇಳಿದುಬರುವನು. ಕಾರ್ಯ ಮುಗಿದ ಮೇಲೆ ತನ್ನ ಧಾಮಕ್ಕೆ ತೆರಳುವನು. ಕ್ರೈಸ್ತರ ದೃಷ್ಟಿಯಲ್ಲಾದರೋ ಆ ಘಟನೆ ಒಂದೇ ಒಂದು ಸಲ ನಡೆದುದು, ಮತ್ತೆ ನಡೆಯಬೇಕಾದುದಲ್ಲ. ಅದಕ್ಕಿಂತಲೂ ಗಹನವಾದ ಅಂಶವೆಂದರೆ, ಒಮ್ಮೆ ತೊಟ್ಟ ಮನುಷ್ಯತ್ವವನ್ನು ಕ್ರಿಸ್ತನು ಎಂದಿಗೂ ಕಳಚಿಡಲಿಲ್ಲ. ಗಾಯದ ಗುರುತುಗಳನ್ನು ಹೊತ್ತ ಆ ದೇಹದೊಡನೆಯೇ ಪಿತನ ಸನ್ನಿಧಿಯನ್ನು ಸೇರಿದನು.

ಇದನ್ನು ನಂಬುವುದು ಆದಿಕಾಲದ ಕ್ರೈಸ್ತರಿಗೂ ಸುಲಭವಾಗಿರಲಿಲ್ಲ. ಪುತ್ರನು ಸೃಷ್ಟಿಗಳಲ್ಲೆಲ್ಲ ಶ್ರೇಷ್ಠನಾದರೂ ಸೃಷ್ಟಿಯೇ ಎಂದು ಆರಿಯುಸನೆಂಬವನು ವಾದಿಸಿದಾಗ, 325ರಲ್ಲಿ ನೈಸೀಯ ನಗರದಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆಯು ಪುತ್ರನು ಪಿತನೊಡನೆ ಏಕಸ್ವರೂಪನೆಂದು ಘೋಷಿಸಿತು. 451ರ ಕಾಲ್ಸಿಡನ್ ಮಹಾಸಭೆಯು ಮುಂದುವರಿದು, ಒಬ್ಬನೇ ಕ್ರಿಸ್ತನಲ್ಲಿ ದೈವಸ್ವಭಾವ, ಮಾನವಸ್ವಭಾವಗಳೆರಡೂ ಬೆರೆತುಹೋಗದೆ, ಮಾರ್ಪಡದೆ, ಒಡೆಯದೆ, ಅಗಲದೆ ಕೂಡಿವೆಯೆಂದು ನಿರ್ಣಯಿಸಿತು. ಹೇಗೆ ಕೂಡಿವೆಯೆಂಬುದನ್ನು ವಿವರಿಸುವ ಸಾಹಸಕ್ಕೆ ಹೋಗದೆ, ಹೇಗಲ್ಲವೆಂಬುದನ್ನು ಮಾತ್ರ ನಾಲ್ಕು ನಿಷೇಧಗಳಿಂದ ಹೇಳಿ ಆ ಹಿರಿಯರು ಸುಮ್ಮನಾದುದು, ರಹಸ್ಯದ ಮುಂದೆ ಬುದ್ಧಿಗೆ ಇರಬೇಕಾದ ವಿನಯಕ್ಕೆ ನಿದರ್ಶನವಾಗಿದೆ.

ದೇವರು ಇಷ್ಟೆಲ್ಲ ಏತಕ್ಕಾಗಿ ಇಳಿದನು? ಪಾಪಪರಿಹಾರಕ್ಕಾಗಿ ಎಂಬ ಉತ್ತರ ಎಲ್ಲರಿಗೂ ಪರಿಚಿತ. ಆದರೆ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷನಾಗಿದ್ದ ಅಥನಾಸಿಯುಸನು ನಾಲ್ಕನೆಯ ಶತಮಾನದಲ್ಲಿಯೇ ಇನ್ನೂ ಮುಂದಕ್ಕೆ ಹೋಗಿ, ಮನುಷ್ಯನು ದೈವತ್ವದಲ್ಲಿ ಭಾಗಿಯಾಗಲೆಂದೇ ದೇವರು ಮನುಷ್ಯನಾದನೆಂಬ ಅರ್ಥದಲ್ಲಿ ಬರೆದನು. ಸಂತ ಪೇತ್ರನ ಹೆಸರಿನ ಎರಡನೆಯ ಪತ್ರದಲ್ಲಿಯೂ ಈ ಭಾವವಿದೆ. ಯೊವಾನ್ನನ ಶುಭಸಂದೇಶದ ದ್ರಾಕ್ಷಾಬಳ್ಳಿ ಮತ್ತು ಕವಲುಗಳ ದೃಷ್ಟಾಂತವೂ ಇದನ್ನೇ ಬೋಧಿಸುತ್ತದೆ. ಆದರೆ ಈ ಐಕ್ಯವು ಅದ್ವೈತಿಗಳು ಹೇಳುವ ಅಭೇದವಲ್ಲ. ಬೆಂಕಿಯಲ್ಲಿಟ್ಟ ಕಬ್ಬಿಣವು ಬೆಂಕಿಯ ಬಣ್ಣವನ್ನೂ ಬಿಸಿಯನ್ನೂ ಪಡೆದರೂ ಕಬ್ಬಿಣವಾಗಿಯೇ ಉಳಿಯುವಂತೆ, ಭಕ್ತನು ದೈವಜೀವನದಿಂದ ತುಂಬಿದರೂ ತಾನು ತಾನಾಗಿಯೇ ಇರುವನೆಂದು ಪ್ರಾಚೀನ ಧರ್ಮಪಿತೃಗಳು ಹೇಳಿದರು. ತನ್ನಲ್ಲಿ ಬಾಳುತ್ತಿರುವವನು ಕ್ರಿಸ್ತನೇ ಎಂದ ಸಂತ ಪೌಲನು, ಅದೇ ಉಸಿರಿನಲ್ಲಿ, ತನ್ನನ್ನು ಪ್ರೀತಿಸಿದವನ ಮೇಲಿನ ವಿಶ್ವಾಸದಿಂದ ತಾನು ಬಾಳುತ್ತಿರುವೆನೆಂದನು. ಪ್ರೀತಿಸುವವನೂ ಪ್ರೀತಿಗೊಳ್ಳುವವನೂ ಇಬ್ಬರಾಗಿ ಉಳಿಯದಿದ್ದರೆ ಪ್ರೀತಿಗೆ ಅವಕಾಶವೆಲ್ಲಿ?

ಇಷ್ಟು ದೊಡ್ಡ ತತ್ತ್ವವು ಕಣ್ಣಿಗೆ ಕಾಣುವಂತಾಗುವ ಒಂದು ಪುಟ್ಟ ಕ್ರಿಯೆ ಕಥೋಲಿಕರ ಬಲಿಪೂಜೆಯಲ್ಲಿದೆ. ಕಾಣಿಕೆಯನ್ನು ಅರ್ಪಿಸುವ ಸಮಯದಲ್ಲಿ ಪೀಠದ ಸೇವೆಯ ಹುಡುಗರು ಎರಡು ಸಣ್ಣ ಗಾಜಿನ ಪಾತ್ರೆಗಳನ್ನು ತಂದುಕೊಡುವರು. ಒಂದರಲ್ಲಿ ದ್ರಾಕ್ಷಾರಸ, ಇನ್ನೊಂದರಲ್ಲಿ ನೀರು. ಗುರುಗಳು ರಸವನ್ನು ಪಾನಪಾತ್ರೆಗೆ ಸುರಿದು, ಅದರೊಳಕ್ಕೆ ಸ್ವಲ್ಪವೇ ನೀರನ್ನು ಬಿಡುತ್ತ, ನಮ್ಮ ಮನುಷ್ಯತ್ವದಲ್ಲಿ ಪಾಲುಗೊಳ್ಳಲು ತನ್ನನ್ನು ತಗ್ಗಿಸಿಕೊಂಡ ಕ್ರಿಸ್ತನ ದೈವತ್ವದಲ್ಲಿ ನಾವೂ ಪಾಲುಗಾರರಾಗುವಂತೆ ತಗ್ಗಿದ ದನಿಯಲ್ಲಿ ಬೇಡಿಕೊಳ್ಳುವರು. ಕ್ಷಣಮಾತ್ರದಲ್ಲಿ ಮುಗಿದುಹೋಗುವ ಈ ಕ್ರಿಯೆಯನ್ನು ಜನರಲ್ಲಿ ಬಹುಮಂದಿ ಗಮನಿಸುವುದೂ ಇಲ್ಲ. ಮಹಾಸಭೆಗಳ ವಾದವಿವಾದವೆಲ್ಲ ಆ ಹನಿಗಳಲ್ಲಿ ಅಡಗಿದೆ. ಅನಂತರ ಪರಮಪ್ರಸಾದವನ್ನು ಸ್ವೀಕರಿಸುವವರು, ಕ್ರಿಸ್ತನು ತಮ್ಮಲ್ಲಿ, ತಾವು ಕ್ರಿಸ್ತನಲ್ಲಿ ನೆಲೆಸುವೆವೆಂದು ನಂಬಿಯೇ ಸ್ವೀಕರಿಸುವರು.

ಈ ಅನುಭವವನ್ನು ಭಾರತೀಯ ಸಾಧನೆಯ ಭಾಷೆಯಲ್ಲಿ ಬಾಳಿ ತೋರಿಸಲು ಯತ್ನಿಸಿದವರೊಬ್ಬರು ಮೈಸೂರಿನಲ್ಲಿದ್ದರು. ಮಾನಸಗಂಗೋತ್ರಿಯ ಕ್ರೈಸ್ತಧರ್ಮ ವಿಭಾಗವನ್ನು ಕಟ್ಟಿ ಬೆಳೆಸಿದ ಡಿ. ಎಸ್. ಅಮಲೋರ್ಪವದಾಸರು, 1979ರಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿ, ಸ್ವಾಮಿ ಅಮಲೋರಾನಂದರೆಂದು ಹೆಸರಾದರು. ನೆಲದ ಮೇಲೆ ಕುಳಿತು, ಕೈಜೋಡಿಸಿ, ದೀಪಾರತಿಯೊಡನೆ ನಡೆಸುವ ಆರಾಧನೆಗೆ 1969ರಲ್ಲಿ ಕಥೋಲಿಕ ಧರ್ಮಸಭೆಯ ಒಪ್ಪಿಗೆ ದೊರೆತುದರ ಹಿಂದೆಯೂ ಅವರ ಶ್ರಮವಿತ್ತು. ಇದನ್ನು ವೇಷಾಂತರವೆಂದು ಶಂಕಿಸಿದವರು ಹಿಂದೂಗಳಲ್ಲಿಯೂ ಕ್ರೈಸ್ತರಲ್ಲಿಯೂ ಇದ್ದರು. ಆದರೆ ದೇವರು ಒಂದು ನಿರ್ದಿಷ್ಟ ಜನಾಂಗದ ದೇಹ, ಭಾಷೆ, ಊಟಗಳನ್ನು ತನ್ನದಾಗಿಸಿಕೊಂಡನೆಂದು ನಂಬುವವರು, ಆ ನಂಬಿಕೆ ಈ ನೆಲದ ಬದುಕನ್ನೂ ತನ್ನದಾಗಿಸಿಕೊಳ್ಳಬೇಕೆಂದು ಬಯಸುವುದು ನನಗೆ ಅತ್ಯಂತ ನ್ಯಾಯವಾಗಿ ತೋರುತ್ತದೆ. 1990ರಲ್ಲಿ ರಸ್ತೆ ಅಪಘಾತದಲ್ಲಿ ಅಮಲೋರ್ಪವದಾಸರು ತೀರಿಕೊಂಡರು.

ದೇವರೊಡನೆ ಐಕ್ಯವೆಂಬುದು ಒಬ್ಬೊಬ್ಬನ ಏಕಾಂತದ ಸಿದ್ಧಿಯಾಗಿ ಮುಗಿಯದು. ತಾನೂ ಪಿತನೂ ಒಂದಾಗಿರುವಂತೆ ತನ್ನವರೆಲ್ಲರೂ ಒಂದಾಗಿರಲೆಂದು ಯೇಸು ಮರಣದ ಹಿಂದಿನ ರಾತ್ರಿ ಪ್ರಾರ್ಥಿಸಿದನೆಂದು ಯೊವಾನ್ನನು ಬರೆಯುವನು. ಆ ಪ್ರಾರ್ಥನೆಯ ಒತ್ತಾಯಕ್ಕೆ ಮಣಿದೇ, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಎಂದರೆ ಸಿ.ಎಸ್.ಐ., ಆದವು. ಮೈಸೂರಿನ ವೆಸ್ಲಿಯನ್ ಮೆಥೊಡಿಸ್ಟರೂ ಅದರಲ್ಲಿ ಸೇರಿದರು. ಆದರೂ ಇದೇ ಊರಿನ ಕಥೋಲಿಕರೂ ಸಿ.ಎಸ್.ಐ. ವಿಶ್ವಾಸಿಗಳೂ ಒಂದೇ ಪ್ರಭುಭೋಜನದಲ್ಲಿ ಪಾಲುಗೊಳ್ಳುವ ದಿನ ಇನ್ನೂ ಬಂದಿಲ್ಲ. ಪ್ರತಿವರ್ಷ ಜನವರಿ 18ರಿಂದ 25ರವರೆಗೆ ಜಗತ್ತಿನ ನಾನಾ ಕಡೆ ಬೇರೆಬೇರೆ ಸಭೆಯವರು ಐಕ್ಯಕ್ಕಾಗಿ ಒಟ್ಟಾಗಿ ಪ್ರಾರ್ಥಿಸುವುದು ಈ ನೋವಿನಿಂದಲೇ.