ಸುಳಾದಿ ಕೇಳುವುದು ಹೇಗೆ, ಕಲಿಯುವುದು ಎಲ್ಲಿ?

ದೇವರನಾಮ ಎಲ್ಲರಿಗೂ ಗೊತ್ತು. ಸುಳಾದಿ ಅಂದರೆ ಮಾತ್ರ ಬಾಗಲವಾಡ, ಮಾನ್ವಿ, ದೇವದುರ್ಗದ ಕಡೆಯವರೂ ‘ಅದು ಪಂಡಿತರ ಹಾಡು’ ಎಂದು ದೂರ ಸರಿಯುತ್ತಾರೆ. ದೂರದ್ದೇನಲ್ಲ. ‘ಸುಳಾದಿ ದಾಸರು’ ಎಂದೇ ಹೆಸರಾದ ವಿಜಯದಾಸರು (1682–1755) ಮಾನ್ವಿ ಸೀಮೆಯ ಚೀಕಲಪರವಿಯವರು.

ಸುಳಾದಿ ಎಂದರೆ ಹಲವು ತಾಳಗಳನ್ನು ಪೋಣಿಸಿದ ಒಂದೇ ಹಾಡು. ಕೀರ್ತನೆಯಂತೆ ಇಲ್ಲಿ ಪಲ್ಲವಿ ಮರಳಿ ಬರುವುದಿಲ್ಲ. ಒಂದು ನುಡಿ ಧ್ರುವತಾಳ, ಮುಂದಿನದು ಮಟ್ಟ, ಆಮೇಲೆ ತ್ರಿಪುಟ, ಅಟ್ಟ, ಹೀಗೆ ಸಾಗುತ್ತದೆ. ಕೊನೆಗೆ ‘ಜತೆ’ ಎಂಬ ಎರಡು ಸಾಲು. ಹೇಳಿದ್ದರ ಸಾರ ಅಲ್ಲಿರುತ್ತದೆ. ಹೊಸಬರು ಜತೆಯನ್ನೇ ಮೊದಲು ಓದಿಕೊಳ್ಳಿ.

ತಾಳ ಯಾಕೆ ಬದಲಾಗಬೇಕು? ಒಳಗಿರುವುದು ಮಧ್ವರ ತತ್ವ: ಜೀವ ಬೇರೆ, ಈಶ ಬೇರೆ, ದೇವತೆಗಳಲ್ಲೂ ತಾರತಮ್ಯವಿದೆ. ಸಂಸ್ಕೃತ ಬಾರದವರಿಗೂ ಇದು ಮುಟ್ಟಬೇಕಿತ್ತು. ಬರೀ ಮಾತಾದರೆ ಕಿವಿ ದಣಿಯುತ್ತದೆ. ತಾಳ ಹೊರಳಿದೊಡನೆ ಮನಸ್ಸು ಮತ್ತೆ ಎಚ್ಚರಾಗುತ್ತದೆ. ಸುಳಾದಿಯ ನಿಜವಾದ ಶಕ್ತಿ ಇದೇ ಎಂದು ನನಗನಿಸುತ್ತದೆ.  

ಕಲಿಕೆಗೆ ತ್ರಿಪುಟ ಒಳ್ಳೆಯದು. ಅದಕ್ಕೆ 7 ಎಣಿಕೆ. ಬಲಗೈಯಿಂದ ತೊಡೆಯ ಮೇಲೆ ಒಮ್ಮೆ ತಟ್ಟಿ. ಕಿರುಬೆರಳು, ಉಂಗುರಬೆರಳು ಎಣಿಸಿ. ಅಲ್ಲಿಗೆ ಮೂರು. ಮುಂದೆ ತಟ್ಟು, ಅಂಗೈ ಹೊರಳಿಸು; ಮತ್ತೆ ತಟ್ಟು, ಹೊರಳಿಸು. ಏಳಾಯಿತು. ಇದು ಕೈಗೆ ಕೂತ ಮೇಲೆ 14 ಎಣಿಕೆಯ ಧ್ರುವಕ್ಕೆ ಹೋಗಿ. ಪುಸ್ತಕದಲ್ಲಿ ಪ್ರತಿ ನುಡಿಗೂ ತಾಳದ ಹೆಸರು ಅಚ್ಚಾಗಿರುತ್ತದೆ, ಗಾಬರಿ ಬೇಡ. ರಾಗ ಮಾತ್ರ ಹಾಡುವವರಿಂದ ಹಾಡುವವರಿಗೆ ಬದಲಾದೀತು.

ಖರ್ಚು? ಶ್ರುತಿಗೆ ಮೊಬೈಲಿನ ತಂಬೂರಿ ಆ್ಯಪ್, ಅಂದರೆ ತಂಬೂರಿಯ ದನಿ ಕೊಡುವ ತಂತ್ರಾಂಶ, ಪುಕ್ಕಟೆ ಸಿಗುತ್ತದೆ. ತಂಬೂರಿಯನ್ನೇ ಕೊಳ್ಳಬೇಕೆಂದಿಲ್ಲ, ಒಂದು ಜೊತೆ ಚಿಟಿಕೆ ಸಾಕು. ಮಾಧ್ವರೇ ಆಗಿರಬೇಕೇ ಎಂದು ಕೆಲವರು ಕೇಳುತ್ತಾರೆ. ಕೇಳಲು, ಕಲಿಯಲು ಹಾಗೇನೂ ಬೇಕಿಲ್ಲ.

ನಿಮ್ಮೂರಿನ ಭಜನಾ ಮಂಡಳಿಯಲ್ಲಿ ಮೊದಲು ವಿಚಾರಿಸಿ. ದೇವರನಾಮ ಹಾಡುವ ಹಿರಿಯರಲ್ಲಿ ಸುಳಾದಿ ಬಲ್ಲವರು ಇದ್ದೇ ಇರುತ್ತಾರೆ, ಯಾರೂ ಕೇಳದ್ದರಿಂದ ಹಾಡಿರುವುದಿಲ್ಲ. ಒಟ್ಟಿಗೆ ಹಲವರ ಹಾಡು ಕೇಳಬೇಕೆಂದರೆ ಆರಾಧನೆಗಳಿಗೆ ಹೋಗಿ: ಮಾನ್ವಿಯ ಹರಿದಾಸ ಜಗನ್ನಾಥದಾಸರದು ಭಾದ್ರಪದ ಶುದ್ಧ ನವಮಿಗೆ, ವಿಜಯದಾಸರದು ಕಾರ್ತಿಕ ಶುದ್ಧ ದಶಮಿಗೆ. ಮಾನ್ವಿಗೂ ಚೀಕಲಪರವಿಗೂ ಹೊರಡುವ ಮುನ್ನ ಪಂಚಾಂಗ ನೋಡಿ ಆ ವರ್ಷದ ತಾರೀಖು ಗುರುತು ಹಾಕಿಕೊಳ್ಳಿ.