ಕಿರುತೆರೆಯ ಮಯಸಭೆ

ಮಯಸಭೆಯನ್ನು ಹೊಕ್ಕ ದುರ್ಯೋಧನನು ನೆಲವನ್ನು ನೀರೆಂದು ಬಗೆದು ಉಡುಗೆಯನ್ನು ಎತ್ತಿ ಹಿಡಿದನು. ನೀರನ್ನು ನೆಲವೆಂದು ಬಗೆದು ಮುಗ್ಗರಿಸಿದನು. 1966ರಲ್ಲಿ ಇಂಗ್ಲೆಂಡಿನ ಸಂಸಾರಸ್ಥರು ತಮ್ಮ ಮನೆಯ ಹಜಾರದಲ್ಲಿ ಕುಳಿತೇ ಇಂಥದೊಂದು ಸಭೆಯನ್ನು ಟೆಲಿವಿಷನ್ನಿನಲ್ಲಿ ಕಂಡರು. ಅದನ್ನು ನಿರ್ಮಿಸಿದವನು ಮಯನಲ್ಲ, ಆ ಕಾಲದ ನವ್ಯಚಿತ್ರಕಲೆ.

'ದಿ ಅವೆಂಜರ್ಸ್' ಎಂಬ ಪತ್ತೇದಾರಿ ನಾಟಕಮಾಲೆ 1961ರಲ್ಲಿ ಆರಂಭವಾಯಿತು. (ಇಂದಿನ ಮಕ್ಕಳಿಗೆ ಪ್ರಿಯರಾದ ಅತಿಮಾನವರಿಗೂ ಇದಕ್ಕೂ ಯಾವ ನಂಟೂ ಇಲ್ಲ.) ಆಗ ಅಲ್ಲಿನ ಟೆಲಿವಿಷನ್ನಿಗೆ ಬಣ್ಣವಿರಲಿಲ್ಲ. ಕೆಂಪು ಗೋಡೆಯ ಮುಂದೆ ಹಸುರು ಸೀರೆ ಉಟ್ಟವಳು ನಿಂತರೆ ಎರಡೂ ಒಂದೇ ಬೂದಿಬಣ್ಣವಾಗಿ ಕಾಣುವ ಸಂಭವವಿತ್ತು. ತೆರೆಯೋ ಗೇಣೆರಡು ಗೇಣಿನಷ್ಟು. ಅದರಲ್ಲಿ ಸೂಕ್ಷ್ಮವಾದ ಕುಸುರಿಕೆಲಸ ಉಳಿಯುವಂತಿರಲಿಲ್ಲ. ಹೀಗಾಗಿ ರಂಗಸಜ್ಜಿಕೆಯವರಿಗೆ ಬೇಕಾದದ್ದು ಬಣ್ಣವನ್ನು ನೆಚ್ಚದೆ ಕೆಲವೇ ಗೆರೆಗಳಲ್ಲಿ ಮಾತನಾಡಬಲ್ಲ ಕಲೆ.

ಅಂಥ ಕಲೆ ಹತ್ತಿರದಲ್ಲಿಯೇ ಹುಟ್ಟಿತ್ತು. ಬ್ರಿಜೆಟ್ ರೈಲಿ ಎಂಬ ಚಿತ್ರಕರ್ತ್ರಿ 1961ರಲ್ಲಿ ಕಪ್ಪುಬಿಳುಪಿನ ಚೌಕಗಳಿಂದಲೇ ಒಂದು ಚಿತ್ರವನ್ನು ರಚಿಸಿದರು. ಚದುರಂಗದ ಮಣೆಯಂತೆ ಆರಂಭವಾಗುವ ಚೌಕಗಳು ಬರಬರುತ್ತ ಕಿರಿದಾಗಿ, ಒಂದೆಡೆ ಮಡಿಕೆಯೊಳಕ್ಕೆ ಜಾರಿ ಮರೆಯಾದಂತೆ ತೋರುತ್ತವೆ. ಚಿತ್ರಪಟ ಸಮತಟ್ಟಾಗಿದೆ ಎಂದು ಬುದ್ಧಿ ಹೇಳುತ್ತದೆ, ಕಣ್ಣು ಒಪ್ಪುವುದಿಲ್ಲ. ಈ ಪಂಥಕ್ಕೆ 'ಆಪ್ ಆರ್ಟ್' ಎಂದು ಹೆಸರಾಯಿತು.

ಅವೆಂಜರ್ಸ್ ಮಾಲೆಯ 1966ರ ಕಂತೊಂದರಲ್ಲಿ ನಾಯಿಕೆ ಎಮ್ಮಾ ಪೀಲ್‌ಗೆ ಅಪರಿಚಿತ ಬಂಧುವೊಬ್ಬನ ಮನೆ ಆಸ್ತಿಯಾಗಿ ಬರುತ್ತದೆ. ಒಳಹೊಕ್ಕರೆ ಹೊರದಾರಿಯಿಲ್ಲ. ಯಾವ ಓಣಿಯನ್ನು ಹಿಡಿದು ಹೊರಟರೂ ಮತ್ತೆ ಅದೇ ಕೋಣೆ. ಆಕೆ ಹಿಂದೆ ಕೆಲಸದಿಂದ ತೆಗೆದಿದ್ದ ವಿಜ್ಞಾನಿಯೊಬ್ಬ, ಆಕೆಗೆ ಹುಚ್ಚು ಹಿಡಿಸಲೆಂದೇ ಈ ಮನೆಯನ್ನು ಕಟ್ಟಿಸಿ ತಾನು ಸತ್ತುಹೋಗಿದ್ದಾನೆ. ಖಳನೇ ಇಲ್ಲದ ಮೇಲೆ ಹೆದರಿಸುವವರಾರು? ಗೋಡೆ, ಗೆರೆ, ಒಂದರಂತೆಯೇ ಇನ್ನೊಂದಿರುವ ಬಾಗಿಲು. ನಟನೊಬ್ಬನು ಮಾಡಬೇಕಾದ ಕೆಲಸವನ್ನು ಇಲ್ಲಿ ಸಜ್ಜಿಕೆಯೇ ಮಾಡುತ್ತದೆ. ನವ್ಯಕಲೆ ಬರಿಯ ಅಲಂಕಾರವಾಗದೆ ಕಥೆಯ ಪಾತ್ರವೇ ಆದ ಇಂಥ ನಿದರ್ಶನಗಳು ಹೆಚ್ಚಿಲ್ಲ.

ಎಲ್ಲೆಡೆಯೂ ಹೀಗಾಗಲಿಲ್ಲ. ಅದೇ ಮಾಲೆಗಾಗಿ ಜಾನ್ ಬೇಟ್ಸ್ ರೂಪಿಸಿದ ಕಪ್ಪುಬಿಳುಪಿನ ಉಡುಪುಗಳು 1965ರಲ್ಲಿಯೇ ಅಂಗಡಿಗಳಿಗೂ ಬಂದವು. ಒತ್ತಾದ ಗೆರೆಗಳು ಟೆಲಿವಿಷನ್ ತೆರೆಯ ಮೇಲೆ ನಡುಗುತ್ತವೆಂದು ತಂತ್ರಜ್ಞರು ಅಂಜುವುದುಂಟು. ತರುಣಿಯರಿಗೆ ಆ ಅಂಜಿಕೆ ಎಲ್ಲಿಯದು! ಅದೇ ವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನಕ್ಕೆಂದು ಹೋದ ರೈಲಿಯವರು, ತಮ್ಮ ಚಿತ್ರಗಳು ಅಂಗಡಿಗಳಲ್ಲಿ ಲಂಗಗಳಾಗಿ ತೂಗಾಡುವುದನ್ನು ಕಂಡು ಬಹಳ ನೊಂದುಕೊಂಡರು. ಅವರ ನೋವಿನಲ್ಲಿ ನ್ಯಾಯವಿತ್ತು. ನೋಡುವವನ ಕಣ್ಣನ್ನು ದುಡಿಸಿ, ಅದರ ನೆಮ್ಮದಿಯನ್ನು ಕೆಡಿಸುವುದು ಆ ಚಿತ್ರಗಳ ಗುರಿ. ಬಟ್ಟೆಗೆ ಇಳಿದೊಡನೆ ಅವು ಬರಿಯ ಪಟ್ಟೆಗಳಾದವು. ಎಮ್ಮಾಳನ್ನು ಸೆರೆಹಿಡಿದ ಮನೆಯಲ್ಲಾದರೋ ಗೆರೆಗಳು ತಮ್ಮ ಸ್ವಧರ್ಮವನ್ನು ಬಿಟ್ಟಿರಲಿಲ್ಲ.

ಇನ್ನು ಅಮೆರಿಕದಲ್ಲಿ ಈ ಕೊಡುಕೊಳ್ಳುವಿಕೆ ಇನ್ನೂ ವಿನೋದದ್ದಾಯಿತು. ರಾಯ್ ಲಿಚ್ಟೆನ್‌ಸ್ಟೈನ್ 1963ರಲ್ಲಿ ಯುದ್ಧಕಥೆಯ ಕಾಮಿಕ್ಸ್ ಪುಸ್ತಕವೊಂದರ ಚಿತ್ರವನ್ನು ಆಧರಿಸಿ 'ವ್ಹಾಮ್!' ಎಂಬ ದೊಡ್ಡ ವರ್ಣಚಿತ್ರವನ್ನು ಬರೆದರು. ಸ್ಫೋಟದ ಸದ್ದೇ ಅದರಲ್ಲಿ ಅಕ್ಷರವಾಗಿ ನಿಂತಿದೆ. ಆ ಪುಸ್ತಕ ಬ್ಯಾಟ್‌ಮನ್ ಕಥೆಗಳ ಪ್ರಕಾಶಕರದೇ. 1966ರ ಜನವರಿಯಲ್ಲಿ ಬ್ಯಾಟ್‌ಮನ್ ಟೆಲಿವಿಷನ್ನಿಗೆ ಬಂದಾಗ ಪ್ರತಿಯೊಂದು ಗುದ್ದಿಗೂ ತೆರೆಯ ತುಂಬ ಬಣ್ಣದ ಅಕ್ಷರಗಳು ಸಿಡಿದವು. ಖಳರ ಅಡಗುದಾಣಗಳನ್ನು ಕ್ಯಾಮೆರಾವನ್ನು ಓರೆಯಾಗಿಟ್ಟು ತೋರಿಸಿದರು. ಕಾಮಿಕ್ಸ್‌ನಿಂದ ಕಲಾಶಾಲೆಗೆ ಏರಿದ್ದ ಸದ್ದು ಮತ್ತೆ ಕಾಮಿಕ್ಸ್ ನಾಯಕನ ಮನೆಗೇ ಹಿಂದಿರುಗಿತ್ತು. ಲಿಚ್ಟೆನ್‌ಸ್ಟೈನರ ಚಿತ್ರವನ್ನು ಲಂಡನ್ನಿನ ಟೇಟ್ ಕಲಾಶಾಲೆ ಕೊಂಡುಕೊಂಡದ್ದೂ ಅದೇ ವರ್ಷ.